ಅವಿಧೇಯತೆಯ ಆರೋಪ, ವಜಾ ಮತ್ತು ನ್ಯಾಯಯುತ ವಿಚಾರಣೆ: ಹೈದರಾಬಾದಿನ ಎರಡು ಪ್ರಕರಣಗಳ ಬೆಳಕಿನಲ್ಲಿ

ಮೇಲಧಿಕಾರಿ ಕೊಟ್ಟ ಕಾನೂನುಬದ್ಧವೂ ಸಮಂಜಸವೂ ಆದ ಆದೇಶವನ್ನು ಕೆಲಸಗಾರ ಬೇಕೆಂದೇ ಪಾಲಿಸದಿರುವುದು ಅವಿಧೇಯತೆ. 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯ ಜೊತೆಗೆ ಬಂದ ಮಾದರಿ ಸ್ಥಾಯಿ ಆದೇಶಗಳಲ್ಲಿ ದುರ್ನಡತೆಗಳ ಪಟ್ಟಿ ಶುರುವಾಗುತ್ತಿದ್ದುದೇ ಇದರಿಂದ. ಕಳ್ಳತನ, ವಂಚನೆ, ಅಪ್ರಾಮಾಣಿಕತೆಗಳು ಎರಡನೆಯ ಸಾಲಿಗೆ ಬರುತ್ತಿದ್ದವು. ಕಾರ್ಖಾನೆ, ಬಸ್ ಡಿಪೋ, ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಚೇರಿ ಎಲ್ಲೆಲ್ಲೂ ಅತಿ ಸುಲಭವಾಗಿ ಹೊರಿಸಬಹುದಾದ ಆರೋಪವೂ ಇದೇ. ಕಳವಾಗಿದ್ದರೆ ಹೋದ ವಸ್ತುವಿನ ಲೆಕ್ಕವಿರುತ್ತದೆ, ಹಣ ತಿಂದಿದ್ದರೆ ಪುಸ್ತಕದಲ್ಲಿ ಅಂಕಿ ತಪ್ಪಿರುತ್ತದೆ. ‘ಹೇಳಿದ ಮಾತು ಕೇಳಲಿಲ್ಲ’ ಎಂಬ ಆರೋಪಕ್ಕೆ ಹೆಚ್ಚಿನ ಸಲ ಒಬ್ಬರ ಮಾತೇ ಆಧಾರ. ಆದೇಶ ಕೊಟ್ಟವರು, ಅವಮಾನವಾಯಿತೆಂದು ದೂರಿದವರು, ಸಾಕ್ಷಿ ಹೇಳುವವರು, ಕೊನೆಗೆ ಶಿಕ್ಷೆ ಬರೆಯುವವರು ಎಲ್ಲರೂ ಒಂದೇ ಆಡಳಿತದ ಪಕ್ಷದವರು. ಆದ್ದರಿಂದ ಬೇರೆ ಯಾವ ದುರ್ನಡತೆಗಿಂತಲೂ ಇಲ್ಲಿ ವಿಚಾರಣೆಯ ಕ್ರಮವೇ ಕೆಲಸಗಾರನಿಗಿರುವ ಮುಖ್ಯ ರಕ್ಷಣೆ.

ಈ ವಿಷಯದಲ್ಲಿ ಭಾರತದ ಕಾನೂನು ಹೈದರಾಬಾದಿಗೆ ಋಣಿ. ಶಿಸ್ತು ವಿಚಾರಣೆಯ ಬಗ್ಗೆ ದೇಶದ ಎಲ್ಲ ನ್ಯಾಯಾಲಯಗಳೂ ಇಂದಿಗೂ ಉಲ್ಲೇಖಿಸುವ 1993ರ ತೀರ್ಪು ಹುಟ್ಟಿದ್ದು ಅಲ್ಲಿನ ಒಂದು ಸರ್ಕಾರಿ ಉದ್ಯಮದ ವ್ಯಾಜ್ಯದಿಂದ. ಯಾವ ವಿಚಾರಣೆಯೂ ಇಲ್ಲದೆ ಸುಮಾರು 48,000 ಮಂದಿಯ ಕೆಲಸ ಹೋಯಿತೆಂದು ಘೋಷಣೆಯಾದದ್ದೂ ಅದೇ ನಗರದಲ್ಲಿ, 2019ರಲ್ಲಿ.

ಪದಗಳ ಹಿನ್ನೆಲೆ

ಕನ್ನಡದ ಕೆಲಸಗಾರರು ದಿನನಿತ್ಯ ಬಳಸುವ ‘ವಜಾ’, ‘ಅಮಾನತು’ ಪದಗಳು ಅರಬ್ಬಿ ಮೂಲದವು, ಪಾರಸಿ-ಉರ್ದು ಆಡಳಿತದ ದಾರಿಯಿಂದ ನಮ್ಮಲ್ಲಿಗೆ ಬಂದವು. ಅಮಾನತು ಎಂದರೆ ಮೂಲದಲ್ಲಿ ನಂಬಿ ಒಪ್ಪಿಸಿದ ಇಡುಗಂಟು. ಕೆಲಸಗಾರನನ್ನು ಅಮಾನತಿನಲ್ಲಿಡುವುದೆಂದರೆ ತೀರ್ಮಾನವಾಗುವ ತನಕ ಅವನ ಕೆಲಸವನ್ನು ಬದಿಗೆ ತೆಗೆದಿಡುವುದು, ಕಿತ್ತುಕೊಳ್ಳುವುದಲ್ಲ. ವಜಾ ಎಂದರೆ ಲೆಕ್ಕದಿಂದ ಕಳೆಯುವುದು. ಈ ಎರಡರ ನಡುವಿನ ದೂರವೇ ಶಿಸ್ತು ವಿಚಾರಣೆ. ಅಮಾನತು ಶಿಕ್ಷೆಯಲ್ಲ ಎಂದು ಕಾನೂನು ಹೇಳುವುದನ್ನು ಈ ಹಳೆಯ ಪದ ತಾನಾಗಿಯೇ ಹೇಳುತ್ತದೆ. ಡಿಪೋಗಳಲ್ಲಿ, ಮಿಲ್ಲುಗಳಲ್ಲಿ ಈ ವಿಚಾರಣೆಯ ಮೊದಲ ಹೆಜ್ಜೆಗೆ ‘ಮೆಮೊ’ ಎಂದೇ ಹೆಸರು. ‘ಮೆಮೊ ಬಂತು’ ಎಂದರೆ ಮನೆಯವರಿಗೂ ಅರ್ಥವಾಗುತ್ತದೆ.

ಯಾವುದು ಅವಿಧೇಯತೆ, ಯಾವುದು ಅಲ್ಲ

ಆಡಳಿತ ವರ್ಗ ಅವಿಧೇಯತೆಯನ್ನು ಸಾಬೀತು ಮಾಡಬೇಕಾದರೆ ಕೆಲವು ಸಂಗತಿಗಳನ್ನು ತೋರಿಸಬೇಕು. ಆದೇಶ ನಿಜವಾಗಿ ಕೊಟ್ಟಿರಬೇಕು ಮತ್ತು ಅದು ಸ್ಪಷ್ಟವಾಗಿರಬೇಕು. ಕೊಟ್ಟವರಿಗೆ ಆ ಅಧಿಕಾರವಿರಬೇಕು. ಆದೇಶ ಕಾನೂನಿಗೆ ವಿರುದ್ಧವಾಗಿರಬಾರದು, ಆ ಕೆಲಸಗಾರನ ಹುದ್ದೆಗೆ ಸಂಬಂಧಿಸಿರಬೇಕು. ಕೊನೆಯದಾಗಿ, ಪಾಲಿಸದಿದ್ದುದು ಬೇಕೆಂದೇ ಆಗಿರಬೇಕು. ಮರೆವು, ತಿಳಿವಳಿಕೆಯ ತಪ್ಪು, ಕೈಲಾಗದಿರುವುದು ಇವು ಅವಿಧೇಯತೆಯಲ್ಲ. ಬ್ರೇಕು ಸರಿಯಿಲ್ಲದ ಬಸ್ಸನ್ನು ರಸ್ತೆಗೆ ಇಳಿಸಲಾರೆ ಎಂದ ಚಾಲಕನೂ, ಇಂದು ಡಬಲ್ ಡ್ಯೂಟಿ ಮಾಡಲು ಮನಸ್ಸಿಲ್ಲ ಎಂದ ಚಾಲಕನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ.

ಈ ತಿಳಿವಳಿಕೆ ಬರಲು ಕಾಲ ಹಿಡಿಯಿತು. ನಮ್ಮ ಕಾನೂನಿಗೆ ಹಿನ್ನೆಲೆಯಾದ ಇಂಗ್ಲೆಂಡಿನಲ್ಲಿ 1845ರಷ್ಟು ಹಿಂದೆ, ಸಾವಿನಂಚಿನಲ್ಲಿದ್ದ ತಾಯಿಯನ್ನು ನೋಡಲು ಯಜಮಾನನ ಅಪ್ಪಣೆ ಮೀರಿ ಹೋದ ಮನೆಗೆಲಸದ ಹೆಣ್ಣುಮಗಳ ವಜಾವನ್ನು ನ್ಯಾಯಾಲಯ ಎತ್ತಿಹಿಡಿದಿತ್ತು. 1930ರಲ್ಲಿ ಪ್ರಿವಿ ಕೌನ್ಸಿಲ್ ಒಟ್ಟೊಮನ್ ಬ್ಯಾಂಕಿನ ಅರ್ಮೇನಿಯನ್ ನೌಕರನೊಬ್ಬನ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಜೀವಕ್ಕೆ ಅಪಾಯವಿರುವ ಊರಿನಲ್ಲೇ ಇರು ಎಂಬ ಆದೇಶವನ್ನು ಪಾಲಿಸಬೇಕಿಲ್ಲ ಎಂದಿತು. 1959ರ ಮತ್ತೊಂದು ಇಂಗ್ಲಿಷ್ ಪ್ರಕರಣದಲ್ಲಿ ಪತ್ರಿಕಾ ಸಂಸ್ಥೆಯೊಂದರ ಉದ್ಯೋಗಿನಿ, ಕೂತಿರು ಎಂದು ಆಡಳಿತ ನಿರ್ದೇಶಕ ಹೇಳಿದರೂ ತನ್ನ ನೇರ ಮೇಲಧಿಕಾರಿಯ ಹಿಂದೆ ಸಭೆಯಿಂದ ಹೊರನಡೆದಿದ್ದಳು. ಒಂದೇ ಒಂದು ಅವಿಧೇಯತೆಯಿಂದ ಇಡೀ ಉದ್ಯೋಗದ ಒಪ್ಪಂದವನ್ನೇ ಧಿಕ್ಕರಿಸಿದಂತಾಗದು ಎಂದು ನ್ಯಾಯಾಲಯ ಅವಳ ಪರ ನಿಂತಿತು.

ಭಾರತದಲ್ಲಿ ಅವಿಧೇಯತೆಯ ಆರೋಪ ಹೆಚ್ಚಾಗಿ ಹುಟ್ಟುವುದು ವರ್ಗಾವಣೆಯಿಂದ. ಇಲ್ಲಿ ಕಾನೂನು ಕಟುವಾಗಿದೆ. ವರ್ಗವಾದ ಜಾಗಕ್ಕೆ ಮೊದಲು ಹೋಗಿ ಹಾಜರಾಗು, ಆಮೇಲೆ ಮನವಿ ಮಾಡು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಗುಜರಾತ್ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಹೇಳಿತು. ಮನವಿ ಕೊಟ್ಟಿದ್ದೇನೆಂಬ ಧೈರ್ಯದಲ್ಲಿ ಮನೆಯಲ್ಲಿ ಕೂತು ಕೆಲಸ ಕಳೆದುಕೊಂಡವರಿದ್ದಾರೆ. ಈ ಒಂದು ತೀರ್ಪು ಕೆಲಸಗಾರರಿಗೆ ತಿಳಿದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ವಿಚಾರಣೆ ನಡೆಯಬೇಕಾದ ಬಗೆ

ಮೊದಲು ಕಾರಣ ಕೇಳುವ ನೋಟಿಸು, ನಂತರ ಆರೋಪಪಟ್ಟಿ. ಯಾವ ದಿನ, ಯಾವ ಹೊತ್ತು, ಯಾರು ಕೊಟ್ಟ ಯಾವ ಆದೇಶವನ್ನು ಪಾಲಿಸಲಿಲ್ಲ ಎಂಬುದು ಅದರಲ್ಲಿರಬೇಕು. ‘ನಿಮ್ಮ ವರ್ತನೆ ಸರಿಯಿಲ್ಲ’ ಎಂಬ ಒಂದು ಸಾಲು ಆರೋಪಪಟ್ಟಿಯಾಗದು. ಉತ್ತರ ತೃಪ್ತಿಕರವಲ್ಲದಿದ್ದರೆ ವಿಚಾರಣಾಧಿಕಾರಿಯ ನೇಮಕವಾಗುತ್ತದೆ. 1963ರಲ್ಲಿ ಸುಪ್ರೀಂ ಕೋರ್ಟ್ ಸೂರ್ ಎನಾಮಲ್ ಪ್ರಕರಣದಲ್ಲಿ ವಿಚಾರಣೆಯ ಕನಿಷ್ಠ ಅಗತ್ಯಗಳನ್ನು ಹೇಳಿತು. ಆರೋಪ ಸ್ಪಷ್ಟವಾಗಿ ತಿಳಿದಿರಬೇಕು, ಸಾಕ್ಷಿಗಳು ಕೆಲಸಗಾರನ ಎದುರಿಗೇ ನುಡಿಯಬೇಕು, ಅವರನ್ನು ಪಾಟೀಸವಾಲು ಮಾಡಲು ಅವನಿಗೆ ಅವಕಾಶವಿರಬೇಕು, ತನ್ನ ಪರ ಸಾಕ್ಷಿ ತರಲು ಬಿಡಬೇಕು, ವಿಚಾರಣಾಧಿಕಾರಿ ಕಾರಣಗಳ ಸಮೇತ ವರದಿ ಬರೆಯಬೇಕು. ಅದೇ ವರ್ಷ ಬಂಗಾಳದ ಮೀನ್‌ಗ್ಲಾಸ್ ಚಹಾ ತೋಟದ ಪ್ರಕರಣದಲ್ಲಿ, ಘಟನೆಯ ಸಾಕ್ಷಿಗಳಾದ ವ್ಯವಸ್ಥಾಪಕರೇ ವಿಚಾರಣೆ ನಡೆಸಿ ಪ್ರಶ್ನೆ ಕೇಳಿದ್ದನ್ನು ನ್ಯಾಯಾಲಯ ತಳ್ಳಿಹಾಕಿತು. ವಿಚಾರಣೆ ಬರಿಯ ಶಾಸ್ತ್ರವಲ್ಲ ಎಂಬ ಮಾತು ನೆಲೆಗೊಂಡಿದ್ದು ಅಲ್ಲಿಂದ.

ಇಲ್ಲಿ ಸಾಬೀತಿನ ಮಟ್ಟ ಕ್ರಿಮಿನಲ್ ಮೊಕದ್ದಮೆಯಷ್ಟು ಬಿಗಿಯಲ್ಲ. ಯಾವುದು ಹೆಚ್ಚು ಸಂಭವ ಎಂದು ತೂಗಿ ನೋಡಿದರೆ ಸಾಕು. ವಕೀಲರನ್ನು ಕರೆತರುವ ಹಕ್ಕೂ ಸಾಮಾನ್ಯವಾಗಿ ಇಲ್ಲ, ಸಹೋದ್ಯೋಗಿಯ ನೆರವು ಸಿಗುತ್ತದೆ. ಓದುಬರಹ ಕಡಿಮೆಯಿರುವ ಕೆಲಸಗಾರ ಆಡಳಿತದ ಪರ ವಾದಿಸುವ, ತರಬೇತಾದ ಮಂಡನಾಧಿಕಾರಿಯ ಎದುರು ತಾನೇ ಪಾಟೀಸವಾಲು ಮಾಡಬೇಕಾಗುತ್ತದೆ. ಈ ಅಸಮಾನತೆ ಕಾಗದದಲ್ಲಿ ಕಾಣುವುದಿಲ್ಲ, ಕೋಣೆಯೊಳಗೆ ಕೂತವರಿಗೆ ಗೊತ್ತು. ಭಾಷೆಯ ಪ್ರಶ್ನೆಯೂ ಅಷ್ಟೇ ದೊಡ್ಡದು. ಕಲಬುರಗಿ, ಬೀದರ, ರಾಯಚೂರುಗಳಿಂದ ದುಡಿಮೆಗೆ ಹೈದರಾಬಾದಿಗೆ ಹೋದ ಕನ್ನಡಿಗನ ಕೈಗೆ ಇಂಗ್ಲಿಷಿನ ಆರೋಪಪಟ್ಟಿ ಕೊಟ್ಟು, ತೆಲುಗಿನಲ್ಲಿ ಸಾಕ್ಷ್ಯ ನುಡಿಸಿದರೆ ಅವನು ಎದುರಿಗೆ ಕೂತಿದ್ದೂ ಇಲ್ಲದಂತೆಯೇ. ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಎಂದು ಆರಂಭದಲ್ಲೇ ಲಿಖಿತವಾಗಿ ಕೇಳಿ, ಆ ಮನವಿ ದಾಖಲಾಗುವಂತೆ ನೋಡಿಕೊಳ್ಳಬೇಕು.

ಅಮಾನತಿನ ಕಾಲದಲ್ಲಿ ಜೀವನಾಧಾರ ಭತ್ಯೆ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆಯಿದೆ. ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರ ಜೂನ್‌ನಲ್ಲಿ ಪೊಲೀಸ್ ದಾಳಿ ನಡೆದು, ಚಿನ್ನ ಸಿಕ್ಕಿತೆಂದು ಮೊಕದ್ದಮೆ ಹೂಡಲಾಯಿತು. ಭಾರತ್ ಗೋಲ್ಡ್ ಮೈನ್ಸ್ ಅವರನ್ನು ಅಮಾನತು ಮಾಡಿತು, ಆದರೆ ಭತ್ಯೆ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಅವರು ಕೇರಳದ ತಮ್ಮ ಊರಿನಿಂದ ಕೆಜಿಎಫ್‌ಗೆ ಬಂದು ವಿಚಾರಣೆಗೆ ಹಾಜರಾಗಲಾಗಲಿಲ್ಲ. ಏಕಪಕ್ಷೀಯ ವಿಚಾರಣೆ ನಡೆದು 1986ರ ಜೂನ್‌ನಲ್ಲಿ ವಜಾ ಆಯಿತು. 1987ರ ಫೆಬ್ರುವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು, ದಾಳಿಯೇ ಸಾಬೀತಾಗಿಲ್ಲ ಎಂದಿತು. ಆದರೂ ಅವರು ಮರಳಿ ಕೆಲಸಕ್ಕೆ ಬರಲು 1999ರ ಮಾರ್ಚ್‌ನ ಸುಪ್ರೀಂ ಕೋರ್ಟ್ ತೀರ್ಪಿನ ತನಕ ಕಾಯಬೇಕಾಯಿತು. ಭತ್ಯೆ ನಿಲ್ಲಿಸಿ ವಿಚಾರಣೆಗೆ ಬಾ ಎನ್ನುವುದು ಬದುಕುವ ಹಕ್ಕಿಗೇ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಅದು ಅವಿಧೇಯತೆಯ ಪ್ರಕರಣವಲ್ಲ, ಆದರೆ ಯಾವ ಆರೋಪದ ಅಮಾನತಿಗೂ ಈ ಮಾತು ಅನ್ವಯಿಸುತ್ತದೆ.

ಇಸಿಐಎಲ್ ಪ್ರಕರಣ, 1993

ಹೈದರಾಬಾದಿನ ಈಶಾನ್ಯ ಭಾಗದಲ್ಲಿ ಬಸ್ಸಿನವರು ‘ಇಸಿಐಎಲ್’ ಎಂದು ಕೂಗುವ ನಿಲ್ದಾಣವಿದೆ. ಅಣುಶಕ್ತಿ ಇಲಾಖೆಯಡಿ 1967ರಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಇರುವುದು ಅಲ್ಲಿ. ಪಕ್ಕದ ಬಡಾವಣೆ ಎ.ಎಸ್. ರಾವ್ ನಗರಕ್ಕೆ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿಯ ಹೆಸರಿದೆ. ಮತಯಂತ್ರಗಳನ್ನು ತಯಾರಿಸುವ ಸಂಸ್ಥೆಯೆಂದು ದೇಶಕ್ಕೆ ಅದರ ಪರಿಚಯ, ಸೇವಾ ಕಾನೂನಿನವರಿಗೆ ಮಾತ್ರ, ಅಲ್ಲಿನ ನೌಕರನ ಹೆಸರಿನಿಂದ ಕರೆಯುವ ‘ಕರುಣಾಕರ್ ತೀರ್ಪಿ’ನ ಊರೆಂದು ಪರಿಚಯ.

ಪ್ರಶ್ನೆ ಇಷ್ಟು. ವಿಚಾರಣಾಧಿಕಾರಿ ತನ್ನ ವರದಿಯನ್ನು ಶಿಸ್ತು ಪ್ರಾಧಿಕಾರಿಗೆ ಕೊಡುತ್ತಾನೆ. ಅದನ್ನು ಓದಿದ ಪ್ರಾಧಿಕಾರಿ ತಪ್ಪಿತಸ್ಥನೆಂದು ತೀರ್ಮಾನಿಸಿ ಶಿಕ್ಷೆ ವಿಧಿಸುತ್ತಾನೆ. ವರದಿಯಲ್ಲಿ ಏನಿದೆ ಎಂಬುದು ಕೆಲಸಗಾರನಿಗೆ ವಜಾ ಆದೇಶದ ಜೊತೆಗಷ್ಟೇ ಗೊತ್ತಾಗುತ್ತಿತ್ತು, ಕೆಲವೊಮ್ಮೆ ಆಗಲೂ ಇಲ್ಲ. ಸಂವಿಧಾನದ 311ನೇ ವಿಧಿಯಲ್ಲಿ ಸರ್ಕಾರಿ ನೌಕರನಿಗೆ ಶಿಕ್ಷೆಯ ಬಗ್ಗೆ ಎರಡನೇ ಬಾರಿ ಹೇಳಿಕೊಳ್ಳಲು ಇದ್ದ ಅವಕಾಶವನ್ನು 42ನೇ ತಿದ್ದುಪಡಿ ತೆಗೆದುಹಾಕಿತ್ತು. ಹಾಗಿದ್ದರೆ ವರದಿಯ ಪ್ರತಿಯನ್ನೂ ಕೊಡಬೇಕಿಲ್ಲ ಎಂದು ಆಡಳಿತಗಳು ವಾದಿಸಿದವು. 1990ರ ನವೆಂಬರ್ 20ರಂದು ಮೊಹಮ್ಮದ್ ರಂಜಾನ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಕೊಡಲೇಬೇಕು ಎಂದಿತು. ಬೇರೆ ಪೀಠಗಳ ಮಾತಿಗೆ ಅದು ಹೊಂದಲಿಲ್ಲ. ಗೊಂದಲ ಬಿಡಿಸಲು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೂತು, 1993ರ ಅಕ್ಟೋಬರ್ 1ರಂದು ಇಸಿಐಎಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪೀಠದ ಮುಖ್ಯಸ್ಥರು ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮವರೇ ಆದ ಎಂ.ಎನ್. ವೆಂಕಟಾಚಲಯ್ಯ. ಬಹುಮತದ ತೀರ್ಪನ್ನು ಬರೆದವರು ಪಿ.ಬಿ. ಸಾವಂತ್. ಪೀಠದಲ್ಲಿದ್ದ ಬಿ.ಪಿ. ಜೀವನ್ ರೆಡ್ಡಿ, ಕೆ. ರಾಮಸ್ವಾಮಿ ಇಬ್ಬರೂ ಹಿಂದೆ ಹೈದರಾಬಾದಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು.

ತೀರ್ಪಿನ ತರ್ಕ ಸರಳ. ವಿಚಾರಣಾಧಿಕಾರಿಯ ವರದಿಯೂ ಶಿಸ್ತು ಪ್ರಾಧಿಕಾರಿಯ ಮನಸ್ಸಿನ ಮೇಲೆ ಪರಿಣಾಮ ಬೀರುವ ಒಂದು ದಾಖಲೆ. ತನ್ನ ವಿರುದ್ಧ ಬಳಸುವ ದಾಖಲೆಯನ್ನು ಕಾಣದೆ, ಅದಕ್ಕೆ ಉತ್ತರ ಹೇಳದೆ ಯಾರನ್ನೂ ತಪ್ಪಿತಸ್ಥ ಎನ್ನುವಂತಿಲ್ಲ. ಆದ್ದರಿಂದ ತಪ್ಪಿತಸ್ಥನೋ ಅಲ್ಲವೋ ಎಂದು ಪ್ರಾಧಿಕಾರಿ ತೀರ್ಮಾನಿಸುವ ಮೊದಲೇ ಪ್ರತಿ ಕೊಡಬೇಕು. ನೌಕರ ಕೇಳಲಿ ಬಿಡಲಿ, ನಿಯಮಗಳಲ್ಲಿ ಬರೆದಿರಲಿ ಬಿಡಲಿ, ಕೊಡಬೇಕು. ಸರ್ಕಾರಿ ನೌಕರರಿಗಷ್ಟೇ ಅಲ್ಲ, ಸಾರ್ವಜನಿಕ ಮತ್ತು ಖಾಸಗಿ ಉದ್ಯಮಗಳ ನೌಕರರಿಗೂ ಇದು ಅನ್ವಯ. ಸಣ್ಣ ಕಾರ್ಖಾನೆಯ ಹೆಲ್ಪರಿಗೂ ಸಿಗುವ ಹಕ್ಕು ಇದು.

ಆದರೆ ತೀರ್ಪಿಗೆ ಇನ್ನೊಂದು ಮುಖವಿದೆ. ಪ್ರತಿ ಕೊಡಲಿಲ್ಲ ಎಂಬ ಕಾರಣಕ್ಕೇ ವಜಾ ತಾನಾಗಿ ಬಿದ್ದುಹೋಗುವುದಿಲ್ಲ. ನ್ಯಾಯಾಲಯ ಈಗಲಾದರೂ ಪ್ರತಿ ಕೊಡಿಸಿ, ಅದು ಸಿಗದಿದ್ದರಿಂದ ಏನು ನಷ್ಟವಾಯಿತೆಂದು ತೋರಿಸಲು ನೌಕರನಿಗೆ ಹೇಳಬೇಕು. ತೋರಿಸಿದರೂ ಸಿಗುವುದು ಅಮಾನತಿನಲ್ಲಿ ಮರುನೇಮಕ ಮತ್ತು ನಿಂತಲ್ಲಿಂದ ವಿಚಾರಣೆಯ ಮುಂದುವರಿಕೆ. ಅಂತಿಮವಾಗಿ ನಿರ್ದೋಷಿಯಾದರೆ ಮಾತ್ರ ಹಿಂಬಾಕಿಯ ಮಾತು. ಈ ಲೇಖಕನ ಅಭಿಪ್ರಾಯದಲ್ಲಿ ತೀರ್ಪಿನ ಮೊದಲರ್ಧ ಕೊಟ್ಟಿದ್ದನ್ನು ಎರಡನೆಯ ಅರ್ಧ ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಿತು. ಹತ್ತು ವರ್ಷದ ನಂತರ, ಸಾಕ್ಷಿಗಳು ನಿವೃತ್ತರಾಗಿ ಊರು ಬಿಟ್ಟ ಮೇಲೆ, ಅಂದು ವರದಿ ಸಿಕ್ಕಿದ್ದರೆ ಏನು ಹೇಳುತ್ತಿದ್ದೆ ಎಂದು ಸಾಬೀತು ಮಾಡುವುದು ಯಾವ ಕೆಲಸಗಾರನಿಗೂ ಸುಲಭವಲ್ಲ. ಕ್ರಮ ತಪ್ಪಿದವರು ಆಡಳಿತದವರು, ನಷ್ಟ ತೋರಿಸುವ ಹೊಣೆ ಮಾತ್ರ ಕೆಲಸಗಾರನ ಹೆಗಲಿಗೆ.

ಶಿಕ್ಷೆಯ ತೂಕ

ವಿಚಾರಣೆ ಸರಿಯಾಗಿದ್ದರೂ ಶಿಕ್ಷೆ ಅತಿಯಾಗಿರಬಹುದು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವುದನ್ನು ತಡೆಯಲೆಂದೇ ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ 11ಎ ಸೆಕ್ಷನ್ ಸೇರಿತು. ಅಲ್ಲಿಂದ ಮುಂದೆ ಕಾರ್ಮಿಕ ನ್ಯಾಯಾಲಯ ವಜಾವನ್ನು ರದ್ದು ಮಾಡಿ ವೇತನ ಬಡ್ತಿ ತಡೆಯುವಂಥ ಕಡಿಮೆ ಶಿಕ್ಷೆ ವಿಧಿಸಬಹುದಾಯಿತು. ಒಮ್ಮೆ ಬೈದದ್ದಕ್ಕೆ ವಜಾ ಅತಿಯಾಯಿತು ಎಂದು ಸುಪ್ರೀಂ ಕೋರ್ಟ್ 1982 ಮತ್ತು 1984ರಲ್ಲಿ ಹೇಳಿತು. 2005ರಲ್ಲಿ ಮಹೀಂದ್ರ ಕಂಪನಿಯ ಪ್ರಕರಣದಲ್ಲಿ ಮೇಲಧಿಕಾರಿಯನ್ನು ಹೀನವಾಗಿ ಬೈದ ಕೆಲಸಗಾರನ ವಜಾವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಎರಡು ಕಾಲದ ನ್ಯಾಯಾಲಯಗಳ ಮನೋಧರ್ಮ ಬೇರೆ ಬೇರೆ. ಹಳೆಯ ನಡತೆ, ಸೇವೆಯ ವರ್ಷಗಳು, ಕೆಣಕಿದವರು ಯಾರು ಎಂಬುದೆಲ್ಲ ತೂಕಕ್ಕೆ ಬರಬೇಕು.

48,000 ನೌಕರರು, ಒಂದು ಗಡುವು

ಹೈದರಾಬಾದಿನ ಸರ್ಕಾರಿ ಬಸ್ಸಿಗೆ ನಿಜಾಮರ ಕಾಲದ ಹಿರಿಮೆಯಿದೆ. 1932ರಲ್ಲಿ 27 ಬಸ್ಸುಗಳಿಂದ ಶುರುವಾದ ಸೇವೆ ಅದು. 1956ರ ತನಕ ಕಲಬುರಗಿ, ಬೀದರ, ರಾಯಚೂರುಗಳೂ ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಪರಂಪರೆಯ ತೆಲಂಗಾಣ ರಸ್ತೆ ಸಾರಿಗೆ ಸಂಸ್ಥೆಯ ನೌಕರರು, ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನಗೊಳಿಸಬೇಕು ಎಂಬುದೂ ಸೇರಿದಂತೆ 26 ಬೇಡಿಕೆಗಳನ್ನಿಟ್ಟು 2019ರ ಅಕ್ಟೋಬರ್ 5ರಂದು ಮುಷ್ಕರ ಹೂಡಿದರು. ಬತುಕಮ್ಮ ಹಬ್ಬಕ್ಕೆ, ದಸರೆಗೆ ಊರಿಗೆ ಹೊರಟ ಜನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಅವರ ಸಂಕಟ ನಿಜ. ಅಂದು ಸಂಜೆ 6 ಗಂಟೆಯೊಳಗೆ ಕೆಲಸಕ್ಕೆ ಬನ್ನಿ ಎಂದು ಸರ್ಕಾರ ಆದೇಶಿಸಿತು. ಬಾರದವರು ತಮ್ಮನ್ನು ತಾವೇ ವಜಾ ಮಾಡಿಕೊಂಡಂತೆ ಎಂದು ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಘೋಷಿಸಿದರು. ಸಂಸ್ಥೆಯಲ್ಲಿ ಉಳಿದವರು ಸಾವಿರದ ಇನ್ನೂರರಷ್ಟು ಮಾತ್ರ ಎಂದರು.

‘ಸೆಲ್ಫ್ ಡಿಸ್ಮಿಸ್’ ಎಂಬ ಮಾತು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿರಲಿಲ್ಲ. ಎಂಟು ದಿನ ಗೈರುಹಾಜರಾದರೆ ತಾನಾಗಿ ಕೆಲಸ ಹೋಗುತ್ತದೆ ಎಂಬ ಸ್ಥಾಯಿ ಆದೇಶವನ್ನು ಬಳಸಿದ್ದ ಖಾಸಗಿ ಕಂಪನಿಗೂ ಸುಪ್ರೀಂ ಕೋರ್ಟ್ 1993ರಲ್ಲೇ, ಡಿ.ಕೆ. ಯಾದವ್ ಪ್ರಕರಣದಲ್ಲಿ, ವಿಚಾರಣೆಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದಿತ್ತು. ಮುಷ್ಕರವೇ ಅಕ್ರಮವಾಗಿದ್ದರೂ ಶಾಂತವಾಗಿ ಪಾಲ್ಗೊಂಡವರನ್ನೂ ಹಿಂಸೆಗೆ ಇಳಿದವರನ್ನೂ ಬೇರ್ಪಡಿಸಿ ನೋಡಬೇಕು, ಇಡಿಯಾಗಿ ವಜಾ ಮಾಡಬಾರದು ಎಂಬುದು 1960ರಷ್ಟು ಹಳೆಯ ತೀರ್ಪು. ಇಷ್ಟಿದ್ದೂ ಹೈದರಾಬಾದಿನಲ್ಲಿ ಒಬ್ಬೊಬ್ಬರಿಗೂ ಆರೋಪಪಟ್ಟಿ ಕೊಟ್ಟು, ಉತ್ತರ ಪಡೆದು, ವಿಚಾರಣೆ ನಡೆಸಿ ಕೈಗೊಂಡ ತೀರ್ಮಾನವಾಗಿರಲಿಲ್ಲ ಅದು. ಸೆಪ್ಟೆಂಬರ್ ತಿಂಗಳು ದುಡಿದ ಸಂಬಳವೂ ನಿಂತಿತು. ನೌಕರರ ಆತ್ಮಹತ್ಯೆಗಳ ಸುದ್ದಿ ಬರತೊಡಗಿತು.

ಹೈಕೋರ್ಟ್ ಪದೇ ಪದೇ ಮಾತುಕತೆಗೆ ಹೇಳಿ, ನವೆಂಬರ್ 18ರಂದು ವಿಷಯವನ್ನು ಕಾರ್ಮಿಕ ಆಯುಕ್ತರಿಗೆ ಒಪ್ಪಿಸಿತು. ನವೆಂಬರ್ 25ರಂದು, 52 ದಿನಗಳ ನಂತರ, ಸಂಘಟನೆಗಳು ಮುಷ್ಕರ ಹಿಂತೆಗೆದವು. ಸೇರಿಸಿಕೊಳ್ಳುವುದಿಲ್ಲ ಎಂದು ಸಂಸ್ಥೆ ಮೊದಲು ಹೇಳಿತು. 28ರಂದು ಮುಖ್ಯಮಂತ್ರಿ ಎಲ್ಲರೂ ಕೆಲಸಕ್ಕೆ ಬರಲಿ ಎಂದರು. ಕೆಲಸ ಹೋಯಿತು ಎಂಬುದೂ ಒಂದು ಹೇಳಿಕೆ, ಬಂತು ಎಂಬುದೂ ಒಂದು ಹೇಳಿಕೆ. ಇದನ್ನು ಔದಾರ್ಯವೆಂದು ಹೊಗಳಿದವರಿದ್ದಾರೆ. ಕೆಲಸ ಮರಳಿದ್ದು ಸಂತೋಷವೇ, ಆದರೆ ಹಕ್ಕಿನಿಂದ ಉಳಿಯಬೇಕಾದದ್ದು ಕೃಪೆಯಿಂದ ಉಳಿಯುವುದು ಕೆಲಸಗಾರನಿಗೆ ನೆಮ್ಮದಿ ಕೊಡುವುದಿಲ್ಲ.

ಹೈದರಾಬಾದ್ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 2003ರಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಮಾಡಿದ ಸುಮಾರು 2 ಲಕ್ಷ ನೌಕರರನ್ನು ವಜಾ ಮಾಡಿತ್ತು. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಎಂದು ಸುಪ್ರೀಂ ಕೋರ್ಟ್ ಆಗ ಹೇಳಿತಾದರೂ ಬಹುತೇಕರು ಮರಳಿ ಕೆಲಸ ಪಡೆದರು. ಕರ್ನಾಟಕದಲ್ಲಿ 2021ರ ಏಪ್ರಿಲ್‌ನ ಸಾರಿಗೆ ಮುಷ್ಕರದಲ್ಲಿ ಮೊದಲ ಏಟು ಬಿದ್ದದ್ದು ತರಬೇತಿಯಲ್ಲಿದ್ದವರಿಗೆ, ಪ್ರೊಬೇಷನರಿಗಳಿಗೆ. ಖಾಯಂ ಆಗದವರ ಹಕ್ಕು ಎಷ್ಟು ತೆಳುವೆಂಬುದು ಅಂದು ಎಲ್ಲರಿಗೂ ಕಂಡಿತು.

ಹೊಸ ನಗರ, ಹೊಸ ಸಂಹಿತೆ

ಅಜಾಮಾಬಾದ್, ಸನತ್‌ನಗರ, ಬಾಲಾನಗರಗಳ ಕಾರ್ಖಾನೆಗಳ ಹೈದರಾಬಾದ್ ಈಗ ಸಾಫ್ಟ್‌ವೇರ್ ಕಚೇರಿಗಳ ಮಾಧಾಪುರ, ಗಚ್ಚಿಬೌಲಿಗಳ ಕಡೆಗೆ ಸರಿದಿದೆ. ಅಲ್ಲಿನ ಗಾಜಿನ ಕಟ್ಟಡಗಳಲ್ಲಿ ಆರೋಪಪಟ್ಟಿ ಅಪರೂಪ. ‘ನೀವಾಗಿ ರಾಜೀನಾಮೆ ಕೊಡಿ, ಇಲ್ಲವಾದರೆ ದಾಖಲೆಯಲ್ಲಿ ವಜಾ ಎಂದು ಬರೆಯುತ್ತೇವೆ’ ಎಂಬ ಮಾತು ಮುಚ್ಚಿದ ಕೋಣೆಯಲ್ಲಿ ಬರುತ್ತದೆ. ಹೆದರಿ ಸಹಿ ಹಾಕಿದವರಿಗೆ ಮುಂದೆ ವಾದಿಸಲು ಆಧಾರವೇ ಉಳಿಯುವುದಿಲ್ಲ. ತೆಲಂಗಾಣದಲ್ಲಿ ಜಾರಿಯಿರುವ 1988ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆರು ತಿಂಗಳು ಸತತ ದುಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳವಿಲ್ಲದೆ ತೆಗೆಯುವಂತಿಲ್ಲ. ದುರ್ನಡತೆ ಕಾರಣವಾದರೆ ವಿಚಾರಣೆ ನಡೆಯಬೇಕು. ನಿಗದಿತ ಅಧಿಕಾರಿಯ ಮುಂದೆ ಮೇಲ್ಮನವಿಗೂ ಅವಕಾಶವಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆ, ನಡತೆಯ ಕಾರಣಕ್ಕೆ ಕೆಲಸದಿಂದ ತೆಗೆಯುವ ಮುನ್ನ ಸಮರ್ಥಿಸಿಕೊಳ್ಳಲು ಅವಕಾಶ ಕೊಡಬೇಕು ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ನಮ್ಮ ಹಳೆಯ ಕಾಯ್ದೆಗಳ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಅಮಾನತಿನ ವಿಚಾರಣೆ ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಯಬೇಕು, ಆ ಕಾಲಕ್ಕೆ ಅರ್ಧ ಸಂಬಳ, ಕೆಲಸಗಾರನ ತಪ್ಪಿಲ್ಲದೆ ತಡವಾದರೆ ಮುಕ್ಕಾಲು ಸಂಬಳ ಕೊಡಬೇಕು ಎನ್ನುವುದು ಅದರ ಒಳ್ಳೆಯ ಭಾಗ. ಸ್ಥಾಯಿ ಆದೇಶಗಳು ಕಡ್ಡಾಯವಾಗುವುದು 300 ಕೆಲಸಗಾರರಿರುವಲ್ಲಿ ಮಾತ್ರ ಎಂಬುದು ಕೆಟ್ಟ ಭಾಗ. ಹಳೆಯ ಕೇಂದ್ರ ಕಾಯ್ದೆಯಲ್ಲಿ ಈ ಸಂಖ್ಯೆ 100, ಕರ್ನಾಟಕದಲ್ಲಿ 50 ಇತ್ತು. ದುರ್ನಡತೆ ಯಾವುದು, ವಿಚಾರಣೆ ಹೇಗೆ ಎಂದು ಗೋಡೆಗೆ ಅಂಟಿಸಿದ ನಿಯಮ ಅತಿ ಹೆಚ್ಚು ಬೇಕಾದ ಸಣ್ಣ ಕಾರ್ಖಾನೆಗಳೇ ಈ ಹೊರೆಯಿಂದ ಪಾರಾಗಿವೆ.

ಕೆಲಸಗಾರರಾದ ಓದುಗರು ಕೆಲವನ್ನು ನೆನಪಿಡಬೇಕು. ಮೆಮೊ ಬಂದರೆ ತೆಗೆದುಕೊಳ್ಳಲು ನಿರಾಕರಿಸಬೇಡಿ, ನಿರಾಕರಣೆಯೇ ಇನ್ನೊಂದು ಆರೋಪವಾಗುತ್ತದೆ. ಉತ್ತರವನ್ನು ಬರೆದೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ವಿಚಾರಣೆಯ ಒಂದು ದಿನವನ್ನೂ ತಪ್ಪಿಸಬೇಡಿ. ವರದಿಯ ಪ್ರತಿ ಕೇಳಿ ಪಡೆಯಿರಿ. ವಜಾ ಆದೇಶದ ದಿನಾಂಕವನ್ನು ಗುರುತು ಹಾಕಿಟ್ಟುಕೊಳ್ಳಿ: ಹೊಸ ಸಂಹಿತೆಯಲ್ಲಿ ನ್ಯಾಯಮಂಡಳಿಯ ಬಾಗಿಲು ಬಡಿಯಲು ಮೊದಲಿದ್ದ ಮೂರು ವರ್ಷಗಳ ಬದಲು ಈಗ ಇರುವುದು ಎರಡೇ ವರ್ಷ.